ಯಾರ್ಮಿಲಾ ಸುಮ್ಮನಿದ್ದ ಒಂಬತ್ತು ದಿನಗಳು

ಇಂದ:
ಹಿನೆಕ್ ಸ್ಮೋಲಾ, ಕಿರಿಯ ವಿಶ್ಲೇಷಕ,
ಕಂಪ್ಯೂಟರ್ ವೈರಸ್ ಪ್ರಯೋಗಾಲಯ, ಮೂರನೇ ಮಹಡಿ, ಬ್ರನೋ.
(ವಾಸ: ಶ್ರೀಮತಿ ಯಾರ್ಮಿಲಾ ವ್ರಾನೋವಾ ಅವರ ಮನೆಯ ಹಿಂಬದಿ ಕೋಣೆ, ಸದ್ಯಕ್ಕೆ ಈ ಶುಕ್ರವಾರದವರೆಗೆ ಮಾತ್ರ.)

ಗೆ:
ಶ್ರೀ ದಲಿಬೋರ್ ಪೆಖಾ, ಮುಖ್ಯಸ್ಥರು, ಅದೇ ಮಹಡಿ.

ವಿಷಯ: 'ಯಾರ್ಮಿಲಾ' ಟ್ರೋಜನ್ ಕುಟುಂಬದ ಅಪಾಯದ ದರ್ಜೆಯನ್ನು 'ಸಾಧಾರಣ'ದಿಂದ 'ತೀವ್ರ'ಕ್ಕೆ ಏರಿಸುವ, ಆ ಮೂಲಕ ಅರ್ಜಿದಾರನ ಕೋಣೆ ಉಳಿಸುವ ಬಗ್ಗೆ.

ಉಲ್ಲೇಖ: 1) ಅರ್ಜಿದಾರನ ವಿಶ್ಲೇಷಣಾ ವರದಿ, ಮಾರ್ಚ್ 3. 2) ಸದರಿ ವರದಿಯ ಅಂಚಿನಲ್ಲಿ ಮನೆಯೊಡತಿಯು ಕೆಂಪು ಪೆನ್ಸಿಲಿನಲ್ಲಿ ಬರೆದ ಟಿಪ್ಪಣಿಗಳು.

ಮಾನ್ಯರೇ,

1. ವೇಷ ಹಾಕಿ ಕಂಪ್ಯೂಟರಿಗೆ ನುಗ್ಗುವ ಹೊಸ ಟ್ರೋಜನ್ನಿಗೆ ಅದನ್ನು ಮೊದಲು ಬಿಚ್ಚಿ ನೋಡಿದವನೇ ಹೆಸರಿಡಬೇಕು, ಬರೆದ ಕಳ್ಳ ಒಳಗೆ ಅಡಗಿಸಿಟ್ಟ ಹೆಸರನ್ನು ಮಾತ್ರ ಇಡಕೂಡದು ಎಂಬುದು ನಮ್ಮಲ್ಲಿನ ರೂಢಿ. ಕಳ್ಳನಿಗೆ ಆ ಸಂತೋಷ ಸಿಗಬಾರದೆಂದು ತಾವೇ ಹೇಳಿಕೊಟ್ಟಿದ್ದೀರಿ. ವರದಿ ಹೊರಡಲು ಹತ್ತು ನಿಮಿಷ ಉಳಿದಿತ್ತು. ಸದರಿ ಟ್ರೋಜನ್ ಬಿಲ್ಲಿನ ವೇಷದಲ್ಲಿ ಇಮೇಲಿನಲ್ಲಿ ಬರುತ್ತದೆ, ತನ್ನನ್ನು ಯಾರಾದರೂ ಗಮನಿಸುತ್ತಿದ್ದಾರೆಯೇ ಎಂದು ನೋಡಿಕೊಳ್ಳುತ್ತದೆ, ಒತ್ತಿದ ಪ್ರತಿ ಅಕ್ಷರವನ್ನೂ ಬರೆದುಕೊಂಡು ದಿನಾ ನಾಲ್ಕು ಗಂಟೆಗೆ ಹೊರಗಿನ ಸರ್ವರ್ ಕಂಪ್ಯೂಟರಿಗೆ ಒಪ್ಪಿಸುತ್ತದೆ. ಅರ್ಜಿದಾರನ ಮನೆಯೊಡತಿಯು ಗಸಗಸೆ ಕೇಕಿನ ತಟ್ಟೆ ಹಿಡಿದು ಕೋಣೆಗೆ ಬರುತ್ತಾರೆ, ಮರುದಿನ ತಟ್ಟೆ ವಾಪಸು ಬೇಕೆಂದು ಮತ್ತೆ ಬರುತ್ತಾರೆ, ನಾಲ್ಕು ಗಂಟೆಗೆ ಮೆಟ್ಟಿಲ ಮೇಲೆ ನಿಂತು ಕೆಳಮನೆಯ ಹೆಡ್ವಿಕಾ ಅವರಿಗೆ ಅರ್ಜಿದಾರನ ಕಾಲುಚೀಲಗಳ ಸ್ಥಿತಿ ವಿವರಿಸುತ್ತಾರೆ. ಆದ್ದರಿಂದ ಬೇರೆ ಹೆಸರು ಹೊಳೆಯಲಿಲ್ಲ.

2. ಬೇರೆ ಪ್ರಯೋಗಾಲಯಗಳೂ ಅದೇ ಹೆಸರು ಹಿಡಿದವು. "ಇನ್ನೂರು ಕಚೇರಿಗಳಿಗೆ ನುಗ್ಗಿದ ಯಾರ್ಮಿಲಾ" ಎಂದು ಪತ್ರಿಕೆ ಬರೆಯಿತು. ಅಂದು ಸಂಜೆ ಮನೆಯೊಡತಿಯಿಂದ ಅಡುಗೆಮನೆಗೆ ಕರೆ ಬಂದಾಗ ಅರ್ಜಿದಾರನು ಮೊದಲೇ ಪೆಟ್ಟಿಗೆ ಕಟ್ಟಿಟ್ಟು ಹೋದನು. ಮೇಜಿನ ಮೇಲೆ ವರದಿ ಇತ್ತು, ಪಕ್ಕದಲ್ಲಿ ಭೂತಗನ್ನಡಿ.

"ತಪ್ಪಾಯ್ತು ಅಮ್ಮಾವ್ರೇ. ಆ ಹೆಸರು..."

"ಹೆಸರು ಇರ್ಲಿ ಬಿಡಪ್ಪಾ. ಹೆಡ್ವಿಕಾ ಹೊಟ್ಟೆ ಉರ್ಕೊಂಡು ಬೆಳಗ್ಗೆಯಿಂದ ಬಾಗಿಲೇ ತೆಗೆದಿಲ್ಲ. ನಾಲ್ಕನೇ ಪುಟ ಏನಿದು? 'ಒಳಗೆ ಬಂದ ಮೇಲೆ ಒಂಬತ್ತು ದಿನ ನಿದ್ರಿಸುತ್ತದೆ.' ನಾನು ನಿದ್ರಿಸ್ತೀನಾ?"

"ಅದು ನೀವಲ್ಲ ಅಮ್ಮಾವ್ರೇ, ಪ್ರೋಗ್ರಾಮು."

"ಹೆಸರು ನಂದು ತಾನೇ? ಪರರ ಮನೆ ಹೊಕ್ಕವಳು ಒಂಬತ್ತು ದಿನ ಕೈಕಟ್ಟಿ ಕೂತಿರ್ತಾಳೇನೋ? ಬೀಗದ ಕೈ ಎಲ್ಲಿ ನೇತಾಕ್ತಾರೆ, ಯಾರು ಎಷ್ಟೊತ್ತಿಗೆ ಹೊರಡ್ತಾರೆ, ಎಲ್ಲಾ ನೋಡ್ಕೋತಾಳೆ. ಆ ಒಂಬತ್ತು ದಿನ ನೀನು ನೋಡಿದ್ಯಾ?"

ಅರ್ಜಿದಾರನು ನಾಲ್ಕನೇ ಪುಟವನ್ನು ತನ್ನ ಕಡೆಗೆ ತಿರುಗಿಸಿಕೊಂಡನು.

"ಎರಡು ವಾರ ಕೊಡ್ತೀನಿ. ಸರಿಯಾಗಿ ಬರೆದು ಅಚ್ಚು ಹಾಕ್ಸು. ಇಲ್ಲಾಂದ್ರೆ, ಪೆಟ್ಟಿಗೆ ಹೇಗೂ ಕಟ್ಟಿದ್ದೀಯಲ್ಲ."

ಪೆಟ್ಟಿಗೆಯ ವಿಷಯ ಅವರಿಗೆ ಹೇಗೆ ತಿಳಿಯಿತೆಂಬುದು ಇನ್ನೂ ವಿಶ್ಲೇಷಣೆಯಲ್ಲಿದೆ.

3. ಅರ್ಜಿದಾರನು ನೋಡಿರಲಿಲ್ಲ. ಟ್ರೋಜನ್ ನಿದ್ದೆ ಹೋದರೆ ಪರೀಕ್ಷೆಯ ಕಂಪ್ಯೂಟರಿನ ಗಡಿಯಾರವನ್ನು ಮುಂದಕ್ಕೆ ತಿರುಗಿಸಿ ಎಬ್ಬಿಸುವುದು ಈ ಮಹಡಿಯಲ್ಲಿ ಎಲ್ಲರೂ ಮಾಡುವ ಕೆಲಸ, ತಾವೂ ಸೇರಿದಂತೆ. ಒಂಬತ್ತು ದಿನವನ್ನು ಒಂಬತ್ತು ಸೆಕೆಂಡಿನಲ್ಲಿ ದಾಟಿ, ಕಾಣದ್ದನ್ನು 'ನಿದ್ರೆ' ಎಂದು ಬರೆಯಲಾಯಿತು.

4. ಕಾರಣ, ಅರ್ಜಿದಾರನು ಹಳೆಯ ಕಂಪ್ಯೂಟರೊಂದಕ್ಕೆ ಟ್ರೋಜನ್ ಬಿಟ್ಟು, ಗಡಿಯಾರ ಮುಟ್ಟದೆ, ಗುಮಾಸ್ತನಂತೆ ದಿನಾ ಅದರ ಮುಂದೆ ಕೂತು ಏನೇನೋ ಟೈಪು ಮಾಡಿದನು. ಎರಡನೇ ದಿನ ಅದು ವಿಳಾಸಗಳ ಪಟ್ಟಿಯನ್ನು ನಕಲು ಮಾಡಿತು. ನಾಲ್ಕನೇ ದಿನದ ಹೊತ್ತಿಗೆ ಗುಮಾಸ್ತ ಯಾವಾಗ ಏಳುತ್ತಾನೆಂಬುದು ಅದಕ್ಕೆ ಗೊತ್ತಿತ್ತು. ಏಳನೇ ದಿನ, ಅರ್ಜಿದಾರ ಊಟಕ್ಕೆ ಎದ್ದಾಗ, ಕಡತಗಳ ಮೀಸಲು (ಬ್ಯಾಕಪ್) ಪ್ರತಿಗಳನ್ನೆಲ್ಲ ಅಳಿಸಿ ಮೊದಲಿನಂತೆ ಸುಮ್ಮನಾಯಿತು. ಅಂದರೆ ನಮ್ಮ ವರದಿ ನಂಬಿ 'ತೆಗೆದುಹಾಕಲು ಇನ್ನೂ ಒಂಬತ್ತು ದಿನ ಇದೆ' ಎಂದು ಕೂತ ಕಚೇರಿಗಳಿಗೆ ಏಳನೇ ದಿನಕ್ಕೇ ಹಳೆಯ ಕಡತಗಳಿಗೆ ಮರಳುವ ದಾರಿ ಮುಚ್ಚಿರುತ್ತದೆ.

ಇದನ್ನು ತಿಳಿಸಿದಾಗ ಮನೆಯೊಡತಿಯು, "ಏಳು ದಿನ ಬೇಕಾಯ್ತಾ? ಪೆದ್ದು ಮುಂಡೇದು," ಎಂದು ಟ್ರೋಜನ್ನನ್ನು ಬೈದರು.

5. ಆದ್ದರಿಂದ ದರ್ಜೆಯನ್ನು 'ತೀವ್ರ' ಎಂದು ಬದಲಿಸಿ, ತಿದ್ದಿದ ವರದಿಯನ್ನು ಇಂದೇ ಹೊರಡಿಸಬೇಕಾಗಿ ಕೋರಿಕೆ. ಸಹ ವಿಶ್ಲೇಷಕರ ಜಾಗದಲ್ಲಿ ಶ್ರೀಮತಿ ವ್ರಾನೋವಾ ಅವರ ಹೆಸರಿರಬೇಕು. ಇದು ಅವರು ಹಾಕಿದ ಷರತ್ತಲ್ಲ. ತಪ್ಪು ಹಿಡಿದವರು ಅವರು, ಅಷ್ಟೆ.

ತಮ್ಮ ವಿಶ್ವಾಸಿ, ಪೆಟ್ಟಿಗೆ ಇನ್ನೂ ಬಿಚ್ಚಿರದ,
ಹಿನೆಕ್ ಸ್ಮೋಲಾ

ಅಡಕಗಳು:
1. ತಿದ್ದಿದ ವರದಿ.
2. ಕೆಂಪು ಪೆನ್ಸಿಲಿನ ಟಿಪ್ಪಣಿಗಳು, ಹನ್ನೊಂದು ಪುಟ (ವರದಿ ಒಂಬತ್ತು ಪುಟ).
3. ಗಸಗಸೆ ಕೇಕು ಒಂದು, ತಟ್ಟೆ ಸಮೇತ. ತಮಗೆಂದು ಮನೆಯೊಡತಿಯು ಕೊಟ್ಟು ಕಳಿಸಿದ್ದು. ಬಾಗಿಲಿನ ಕಾವಲಿನವರು ತಪಾಸಣೆ ಮಾಡದೆ, ಒಂದು ತುಂಡು ತೆಗೆದುಕೊಂಡು, ಒಳಗೆ ಬಿಟ್ಟಿದ್ದಾರೆ.

ವಿ.ಸೂ.: ತಟ್ಟೆ ವಾಪಸು ಪಡೆಯಲು ಶ್ರೀಮತಿ ವ್ರಾನೋವಾ ಅವರು ಶುಕ್ರವಾರ ಸ್ವತಃ ಮೂರನೇ ಮಹಡಿಗೆ ಬರುವವರಿದ್ದಾರೆ. ತಾವು ಕೇಕನ್ನು ಇನ್ನೂ ಮುಟ್ಟಿರದಿದ್ದಲ್ಲಿ ದಯವಿಟ್ಟು ಮುಟ್ಟಬೇಡಿ. ಮುಟ್ಟಿದ್ದಲ್ಲಿ, ಮೇಜಿನ ಖಾನೆಗಳಿಗೆ ಇಂದೇ ಬೀಗ ಹಾಕಿಸಲು ಆದೇಶಿಸಬೇಕಾಗಿ ವಿನಂತಿ.