ಮೊಣಕಾಲುದ್ದ ಕೆರೆ

ನಗರದ ಮಧ್ಯಭಾಗದಲ್ಲಿ, ನಡುಬೀದಿಯ ಅಂಚೆಡಬ್ಬಿಯಿಂದ ಹೊಲಿಗೆ ಅಂಗಡಿಯ ಹಿತ್ತಲಿನವರೆಗೆ, ಒಂದು ಕೆರೆ ಇದೆ. ಈ ಬಗ್ಗೆ ಈಗ ಯಾರಲ್ಲೂ ಭಿನ್ನಾಭಿಪ್ರಾಯವಿಲ್ಲ. ಹಿಂದೆ ಇತ್ತು, ಅದನ್ನು ನಿಯಮಾನುಸಾರ ಬಗೆಹರಿಸಲಾಗಿದೆ. ಬಗೆಹರಿಸಿದ ಬಗೆಯನ್ನು ಸಾರ್ವಜನಿಕರ ತಿಳುವಳಿಕೆಗಾಗಿ ಇಲ್ಲಿ ನಿವೇದಿಸಲಾಗಿದೆ.

ಅಂತರ್ಜಾಲದಲ್ಲಿ ಒಂದು ವಿಶ್ವಕೋಶವಿದೆ. ಯಾರು ಬೇಕಾದರೂ ಬರೆಯಬಹುದು, ಯಾರಿಗೂ ಸಂಬಳವಿಲ್ಲ. ಸಂಬಳವಿಲ್ಲದ ಕೆಲಸಕ್ಕೆ ಜನ ಎಷ್ಟು ಜಗಳವಾಡಬಲ್ಲರು ಎಂಬುದನ್ನು ನೋಡಬೇಕಿದ್ದರೆ ಅಲ್ಲಿಗೇ ಹೋಗಬೇಕು. ಈ ನಗರದ ಬಗ್ಗೆ ಅದರಲ್ಲೊಂದು ಲೇಖನವಿದ್ದು, ಅದನ್ನು ಕೆಲವು ಸ್ವಯಂಸೇವಕರು ಹಗಲಿರುಳು ಕಾಯುತ್ತಾರೆ. ಇವರಲ್ಲಿ ಒಬ್ಬರ ಮುಖ ಇನ್ನೊಬ್ಬರು ನೋಡಿಲ್ಲ. ಹಾಗಾಗಿ ಪರಸ್ಪರ ಗೌರವ ಇನ್ನೂ ಅಷ್ಟಿಷ್ಟು ಉಳಿದುಕೊಂಡಿದೆ.

ಇವರ ಪೈಕಿ ಹಿರಿಯರು ಕನ್ನಡಕದವರು. ಪೇಟೆಯ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವುದು ಅವರ ಉದ್ಯೋಗ. ಬಂದವರ ಮೂಗಿನ ಮೇಲೆ ಗಾಜು ಬದಲಾಯಿಸುತ್ತಾ, "ಇದು ಚೆನ್ನಾಗಿ ಕಾಣುತ್ತಾ, ಇದಾ?" ಎಂದು ದಿನವಿಡೀ ಕೇಳುತ್ತಾರೆ. ಗಿರಾಕಿ "ಎರಡೂ ಒಂದೇ ಥರ ಇದೆಯಪ್ಪಾ" ಅಂದರೆ ಎರಡರ ನಡುವಿನ ಗಾಜು ಹಾಕಿ ಕಳಿಸುತ್ತಾರೆ. ಇಲ್ಲಿಯವರೆಗೆ ಯಾರೂ ವಾಪಸ್ ಬಂದು ದೂರಿಲ್ಲ. ದೂರು ಇದ್ದವರಿಗೆ ಅಂಗಡಿ ಕಾಣಿಸದೆ ಹೋಗಿರಲಿಕ್ಕೂ ಸಾಕು.

ವಿಶ್ವಕೋಶದಲ್ಲಿ ಅವರ ಹೆಸರು 'ಸಮಾಧಾನಿ'. ಮನೆಯಲ್ಲಿ ಇವತ್ತು ಯಾವ ಪಲ್ಯ ಮಾಡಬೇಕೆಂದು ಕೂಡ ಅವರನ್ನು ಯಾರೂ ಕೇಳುತ್ತಿರಲಿಲ್ಲ. ಅಲ್ಲಿ ಮಾತ್ರ ಗುರುತು ಪರಿಚಯವಿಲ್ಲದವರು 'ಸಮಾಧಾನಿಯವರ ಅಭಿಪ್ರಾಯ ಬರಲಿ, ಆಮೇಲೆ ನೋಡೋಣ' ಎಂದು ಬರೆಯುತ್ತಿದ್ದರು. ಅದನ್ನು ಓದಿದ ದಿನ ಕನ್ನಡಕದವರಿಗೆ ಊಟ ಸೇರುತ್ತಿರಲಿಲ್ಲ, ಅಷ್ಟು ಖುಷಿ. ಹೆಂಡತಿಗೆ ತೋರಿಸಿದರೆ ಆಕೆ, "ಬಿಟ್ಟಿ ಕೆಲಸಕ್ಕೆ ಎಲ್ರೂ ಕರೀತಾರೆ ಬಿಡಿ" ಎಂದು ಹೊಲಿಗೆ ಯಂತ್ರ ತುಳಿಯುತ್ತಿದ್ದಳು.

ಜಗಳ ಬಗೆಹರಿಸಲು ಕನ್ನಡಕದವರೇ ಮೂರು ನಿಯಮ ಬರೆದಿದ್ದರು. ಕಣ್ಣಾರೆ ಕಂಡದ್ದು ಆಧಾರವಲ್ಲ, ಎಲ್ಲಾದರೂ ಅಚ್ಚಾಗಿರಬೇಕು ಎಂಬುದು ಮೊದಲನೆಯದು. ವಿಷಯಕ್ಕೆ ಸಂಬಂಧಪಟ್ಟವರು ಆ ವಿಷಯ ಮುಟ್ಟಕೂಡದು ಎಂಬುದು ಇನ್ನೊಂದು. ಮೂರನೆಯದು ಸಾಕ್ಷಾತ್ ಅವರ ತಲೆಯಲ್ಲಿ ಹುಟ್ಟಿದ್ದು, ಹೆಸರು 'ನಡುಸೂತ್ರ'. ಎರಡು ಪಕ್ಷಗಳು ಪಟ್ಟು ಬಿಡದಿದ್ದರೆ ಎರಡರ ನಡುವಿನದನ್ನೇ ಸತ್ಯವೆಂದು ಸ್ವೀಕರಿಸತಕ್ಕದ್ದು.

ನಡುಸೂತ್ರ ಬಂದ ಮೇಲೆ ಲೇಖನ ಎಷ್ಟು ಶಾಂತವಾಯಿತೆಂದರೆ ಹೇಳತೀರದು. ಊರಿನ ಜನ ಉದಾರಿಗಳೆಂದು ಒಬ್ಬರು, ಕಡುಜಿಪುಣರೆಂದು ಇನ್ನೊಬ್ಬರು ಕಚ್ಚಾಡುತ್ತಿದ್ದರು. 'ಇಲ್ಲಿನ ಜನ ವಾರದ ಮೊದಲರ್ಧ ಉದಾರಿಗಳು' ಎಂದು ಬರೆದು ಮುಗಿಸಲಾಯಿತು. ಅಂಗಿಯ ಗುಂಡಿ ತಯಾರಿಸುವ ಸಮುದಾಯದವರ ಪುಟದಲ್ಲಿ ಇನ್ನೂ ದೊಡ್ಡ ರಂಪವಿತ್ತು. ತಮ್ಮ ಮೂಲಪುರುಷ ದಂಡನಾಯಕನೆಂದು ಒಂದು ಬಣ, ದರ್ಜಿಯೆಂದು ಇನ್ನೊಂದು ಬಣ. 'ಮೂಲಪುರುಷನು ದಂಡಿನ ಜೊತೆ ಹೋಗಿ, ಯುದ್ಧ ನಡೆಯುತ್ತಿದ್ದಾಗಲೇ ಅಂಗಿಗಳಿಗೆ ಗುಂಡಿ ಹಚ್ಚಿಕೊಟ್ಟನು' ಎಂದು ನಡುಸೂತ್ರ ತೀರ್ಮಾನಿಸಿತು. ಮಾರನೇ ವರ್ಷ ಸಮುದಾಯದವರು ಅವನ ಪ್ರತಿಮೆ ನಿಲ್ಲಿಸಿದರು. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಸೂಜಿ. ಸೂಜಿ ದೂರಕ್ಕೆ ಕಾಣುವುದಿಲ್ಲವೆಂಬ ಒಂದು ಕೊರತೆ ಬಿಟ್ಟರೆ ಪ್ರತಿಮೆ ಚೆನ್ನಾಗಿದೆ.

ಇಷ್ಟರಲ್ಲಿ ಕೆರೆಯ ವಿಷಯ ಬಂತು. ಊರಲ್ಲಿ ಹಿಂದೆ ಕೆರೆಯೊಂದಿತ್ತಂತೆ. ತಾತಂದಿರ ಕಾಲಕ್ಕೇ ಅದನ್ನು ಮುಚ್ಚಿ ಮನೆ ಕಟ್ಟಿಯಾಗಿತ್ತು. ಆದರೆ ಲೇಖನದಲ್ಲಿ 'ನಗರದಲ್ಲಿ ಸುಂದರ ಕೆರೆ ಇದೆ' ಎಂಬ ವಾಕ್ಯ ಯಾರೋ ಬರೆದದ್ದು ಹಾಗೇ ಉಳಿದಿತ್ತು. ಪೂರ್ವ ಬಡಾವಣೆಯಲ್ಲಿ ನಿವೇಶನ ಮಾರುತ್ತಿದ್ದ ಸಿಮೆಂಟ್ ವ್ಯಾಪಾರಿ ಒಂದು ದಿನ 'ಪೂರ್ವ ಬಡಾವಣೆಯಲ್ಲಿ' ಎಂದು ಅದಕ್ಕೆ ಸೇರಿಸಿದ. ಪಶ್ಚಿಮ ಬಡಾವಣೆಯ ಹಲ್ಲಿನ ಡಾಕ್ಟರು ಸುಮ್ಮನಿರುತ್ತಾರೆಯೇ? ಅವರ ಭಾವಮೈದನ ಆ ಕಡೆ ನಿವೇಶನ ಮಾರುತ್ತಿದ್ದ. ಅವರು 'ಪೂರ್ವ' ಅಳಿಸಿ 'ಪಶ್ಚಿಮ' ಮಾಡಿದರು. ಕೆರೆ ಬೆಳಿಗ್ಗೆ ಆ ಕಡೆ, ಸಂಜೆ ಈ ಕಡೆ ಓಡಾಡತೊಡಗಿತು.

ನಡುವೆ ಯಾರೋ ಹೊಸಬರು ಬಂದು, 'ಅಲ್ಲ, ಊರಲ್ಲಿ ಕೆರೆಯೇ ಇಲ್ಲವಲ್ಲ' ಎಂದು ಬರೆದರು. ಕನ್ನಡಕದವರು ಅವರಿಗೆ ವಿನಯದಿಂದಲೇ ಉತ್ತರಿಸಿದರು: 'ಚರ್ಚೆಯ ವಿಷಯ ಕೆರೆ ಎಲ್ಲಿದೆ ಎಂಬುದು. ಇದೆಯೇ ಎಂಬುದಲ್ಲ. ದಯವಿಟ್ಟು ವಿಷಯಾಂತರ ಮಾಡಬೇಡಿ.' ಹೊಸಬರು ಕ್ಷಮೆ ಕೇಳಿ ಹೊರಟುಹೋದರು.

ಕನ್ನಡಕದವರು ನಕ್ಷೆ ತೆರೆದು, ಪೂರ್ವದ ಕೆರೆಗೂ ಪಶ್ಚಿಮದ ಕೆರೆಗೂ ಗೆರೆ ಎಳೆದು, ನಡುವೆ ಚುಕ್ಕಿ ಇಟ್ಟರು. ಚುಕ್ಕಿ ಸೀದಾ ನಡುಬೀದಿಯಲ್ಲಿ, ಅವರದೇ ಮನೆಯ ಮೇಲೆ ಬಿತ್ತು. ಅದನ್ನವರು ಗಮನಿಸಲಿಲ್ಲವೆಂದಲ್ಲ. ಗಮನಿಸಿ ಹೆಮ್ಮೆಪಟ್ಟರು. ಬೇರೆಯವನಾಗಿದ್ದರೆ ನನ್ನ ಮನೆ ಅಂತ ಸ್ವಲ್ಪ ಆಚೆ ಸರಿಸುತ್ತಿದ್ದ, ನಾನು ಸರಿಸಲಿಲ್ಲ ಎಂದುಕೊಂಡರು. ಎರಡೂ ಪಕ್ಷದವರು ಒಪ್ಪಿದರು. ಎರಡೂ ಬಡಾವಣೆಗಳಿಗೆ ಈಗ ಕೆರೆ ಸಮದೂರದಲ್ಲಿತ್ತು, ಇಬ್ಬರೂ 'ಕೆರೆಯ ತಂಗಾಳಿ' ಎಂದು ಫಲಕ ಹಾಕಿಕೊಂಡರು.

"ಗೊತ್ತಾ, ನಮ್ಮನೆ ಈಗ ಕೆರೆಯೊಳಗಿದೆ" ಎಂದು ಅವರು ರಾತ್ರಿ ಊಟದ ಹೊತ್ತಿಗೆ ಹೆಂಡತಿಗೆ ಹೇಳಿದರು.

ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದ ಆಕೆ ಅವನ್ನು ತೆಗೆದಿಟ್ಟು, "ಹಾಗಾದ್ರೆ ನಾಳೆ ನಲ್ಲಿ ನೀರಿಗೆ ಏಳೋದು ಬೇಡ ಅನ್ನಿ" ಅಂದಳು.

ಮುಂದಿನದೆಲ್ಲ ಕ್ರಮಬದ್ಧವಾಗಿಯೇ ನಡೆಯಿತು. ಪತ್ರಿಕೆಯವರು ವಿಶ್ವಕೋಶ ನೋಡಿ 'ನಗರದ ಹೃದಯದಲ್ಲೊಂದು ಕೆರೆ' ಎಂದು ಬರೆದರು. ಪತ್ರಿಕೆಯಲ್ಲಿ ಅಚ್ಚಾಗಿದೆಯೆಂದು ವಿಶ್ವಕೋಶದವರು ಅದನ್ನೇ ಆಧಾರವಾಗಿ ಸೇರಿಸಿದರು. ಎರಡೂ ಕಡೆ ಇದೆಯೆಂದು ಪುರಸಭೆಯವರು ಕೆರೆ ಸಂರಕ್ಷಣಾ ಘಟಕ ತೆರೆದರು. ಘಟಕಕ್ಕೆ ಅಧ್ಯಕ್ಷರು, ಅಧ್ಯಕ್ಷರಿಗೆ ಕಾರು, ಕಾರಿಗೆ ಡ್ರೈವರು ಬಂದರು. ಕಳೆ ತೆಗೆಯುವ ಗುತ್ತಿಗೆ ಅಧ್ಯಕ್ಷರ ಅಳಿಯನಿಗೆ ಸಿಕ್ಕಿತು. ಆತ ಕೆಲಸ ಮುಗಿಸಿ ಒಪ್ಪಿಸಿದ ಚಿತ್ರದಲ್ಲಿ ಒಂದೇ ಒಂದು ಕಳೆಯಾಗಲಿ ಪಾಚಿಯಾಗಲಿ ಇರಲಿಲ್ಲ. ಇಷ್ಟು ಚೊಕ್ಕವಾದ ಕೆಲಸ ತಾವು ನೋಡಿಲ್ಲವೆಂದು ಪುರಸಭೆಯವರು ಅವನಿಗೆ ಶಾಲು ಹೊದಿಸಿದರು.

ನಡುಬೀದಿಯ ದೀಪದ ಕಂಬಕ್ಕೆ ಒಂದು ಪ್ರಕಟಣೆ ಬಿತ್ತು: 'ಇಲ್ಲಿ ಈಜುವುದು, ಬಟ್ಟೆ ಒಗೆಯುವುದು ಮತ್ತು ಮುಳುಗುವುದನ್ನು ನಿಷೇಧಿಸಲಾಗಿದೆ. ತಪ್ಪಿದಲ್ಲಿ ಮುಳುಗಿದವರೇ ಹೊಣೆ.' ಅಂಚೆಯವನು ಬೀದಿಯ ಬಾಯಲ್ಲೇ ನಿಂತು, "ಟಪಾಲು ಇದೆ, ದಡಕ್ಕೆ ಬನ್ನಿ" ಎಂದು ಕೂಗತೊಡಗಿದ. ಒಣನೆಲದ ಮೇಲೆ ನಿಂತು ಹೀಗೆ ಕೂಗಲು ನಾಚಿಕೆಯಾಗುವುದಿಲ್ಲವೇ ಎಂದು ಕನ್ನಡಕದವರು ಕೇಳಿದರು. "ನಂಗೂ ಕಾಣುತ್ತೆ ಸಾರ್. ಆದ್ರೆ ನಮಗೆ ನೀರಿಗಿಳಿಯೋ ಭತ್ಯೆ ಮಂಜೂರಾಗಿಲ್ವಲ್ಲ" ಎಂದ ಅವನು.

ಇದೆಲ್ಲ ತಮಾಷೆಯಾಗಿಯೇ ಇತ್ತು, ಹೊಲಿಗೆ ಅಂಗಡಿಯ ಪರವಾನಗಿ ನವೀಕರಣದ ಹೊತ್ತು ಬರುವವರೆಗೆ. ಅಂಗಡಿ ಕನ್ನಡಕದವರ ಹೆಂಡತಿಯದು. ಮನೆಯ ಮುಂದಿನ ಕೋಣೆಯಲ್ಲಿ ಒಂದು ಯಂತ್ರ ಇಟ್ಟು ಶುರುಮಾಡಿ, ಕಣ್ಣು ಕೆಂಪಾಗುವಷ್ಟು ಹೊಲಿದು, ಊರಿನ ಶಾಲೆಯ ಸಮವಸ್ತ್ರದ ಕೆಲಸದ ತನಕ ಅದನ್ನು ತಂದಿದ್ದಳು. ಮನೆ ನಡೆಯುತ್ತಿದ್ದದ್ದೇ ಅದರಿಂದ. ಪರವಾನಗಿ ಇಲ್ಲದವರಿಗೆ ಶಾಲೆಯವರು ಬಟ್ಟೆ ಕೊಡುವುದಿಲ್ಲ.

ಪುರಸಭೆಯ ಅಧಿಕಾರಿ ಕಡತ ನೋಡಿ ತಲೆ ಅಲ್ಲಾಡಿಸಿದರು. "ಅಮ್ಮಾ, ನಿಮ್ಮ ಅಂಗಡಿ ಕೆರೆಯಲ್ಲಿದೆ. ನೀರಿನ ಮೇಲೆ ದೋಣಿಗೆ ಪರವಾನಗಿ ಕೊಡಬಹುದು, ತೇಲುವ ಹೋಟೆಲಿಗೆ ಕೊಡಬಹುದು. ಹೊಲಿಗೆಗೆ ಅವಕಾಶವಿಲ್ಲ."

"ಸ್ವಾಮಿ, ಅಲ್ಲಿ ಬೊಗಸೆ ನೀರೂ ಇಲ್ಲ. ಬೇಕಾದ್ರೆ ಬಂದು ನೋಡಿ."

"ಬಂದು ನೋಡೋಕೆ ದೋಣಿ ಬೇಕಲ್ಲಮ್ಮಾ" ಎಂದು ಅಧಿಕಾರಿ ಮರುಕದಿಂದಲೇ ಹೇಳಿದರು.

ಅವತ್ತು ಮನೆಗೆ ಬಂದ ಹೆಂಡತಿ ಕೂಗಾಡಲಿಲ್ಲ. ಯಂತ್ರಕ್ಕೆ ಬಟ್ಟೆ ಹೊದಿಸಿ ಅದರ ಪಕ್ಕ ಕೂತಳು. ಕೂಗಾಡಿದ್ದರೆ ಕನ್ನಡಕದವರು ಹೇಗೋ ತಡೆದುಕೊಳ್ಳುತ್ತಿದ್ದರು. "ನೀವು ಮಾಡಿದ್ದು ನೀವೇ ಸರಿಮಾಡಿ. ಆಗ್ಲಿಲ್ಲ ಅಂದ್ರೆ ನಾನು ನಮ್ಮಣ್ಣನ ಮನೇಲಿ ಯಂತ್ರ ಇಟ್ಕೊಂಡು ಹೊಲೀತೀನಿ. ಅವನ ಮನೆ ನೆಲದ ಮೇಲಿದೆ" ಎಂದಳು. ಆಕೆ ಆಡಿದ್ದನ್ನು ಮಾಡುವವಳೆಂದು ಅವರಿಗೆ ಗೊತ್ತಿತ್ತು.

ಕನ್ನಡಕದವರು ಕೂಡಲೇ ವಿಶ್ವಕೋಶದ ಚರ್ಚಾಪುಟಕ್ಕೆ ಹೋಗಿ ಬರೆದರು: 'ನಾನು ನಡುಬೀದಿಯಲ್ಲೇ ವಾಸಿಸುತ್ತೇನೆ. ಇಲ್ಲಿ ಕೆರೆ ಇಲ್ಲ. ಈಗ ಕಿಟಕಿಯಿಂದ ನೋಡುತ್ತಿದ್ದೇನೆ, ನಾಯಿಯೊಂದು ರಸ್ತೆಯಲ್ಲಿ ಮಲಗಿದೆ.'

ಉತ್ತರ ಬರಲು ತಡವಾಗಲಿಲ್ಲ. ಸಿಮೆಂಟ್ ವ್ಯಾಪಾರಿ ಮೊದಲನೇ ನಿಯಮ ನೆನಪಿಸಿದ: 'ಕಣ್ಣಾರೆ ಕಂಡದ್ದು ಆಧಾರವಲ್ಲ. ಮಾನ್ಯರು ಕಿಟಕಿ ಮುಚ್ಚಿ ಚರ್ಚಿಸಬೇಕಾಗಿ ವಿನಂತಿ.' ಹಲ್ಲಿನ ಡಾಕ್ಟರು ಎರಡನೆಯದು ತೆಗೆದರು: 'ಕೆರೆಯಲ್ಲಿ ವಾಸಿಸುವವರು ಕೆರೆಯ ಬಗ್ಗೆ ಬರೆಯುವುದು ಹಿತಾಸಕ್ತಿ ಸಂಘರ್ಷ. ಸಮಾಧಾನಿಯವರಂಥ ಹಿರಿಯರಿಂದ ಇದನ್ನು ನಿರೀಕ್ಷಿಸಿರಲಿಲ್ಲ. ಇನ್ನು ನಾಯಿಗಳು ಈಜುತ್ತವೆಂಬುದು ಎಲ್ಲರಿಗೂ ತಿಳಿದದ್ದೇ.' ಎಷ್ಟೋ ವರ್ಷ ಕಿತ್ತಾಡಿದ ಇಬ್ಬರೂ ಅಂದು ಮೊದಲ ಬಾರಿ ಪರಸ್ಪರ ಧನ್ಯವಾದ ಹೇಳಿಕೊಂಡರು.

ಎರಡೂ ನಿಯಮಗಳನ್ನು ತಾವೇ ಬರೆದದ್ದು, ಒಂದಕ್ಷರ ಸಡಿಲವಿಲ್ಲದಂತೆ ಬರೆದದ್ದು ಎಂಬುದು ಕನ್ನಡಕದವರಿಗೆ ಚೆನ್ನಾಗಿಯೇ ಗೊತ್ತಿತ್ತು. ಅವರಿಗೆ ಅಳು ಬಂತು. ಅಳುತ್ತಲೇ, ನಿಯಮಗಳು ಎಷ್ಟು ಗಟ್ಟಿಯಾಗಿವೆಯಲ್ಲ ಎಂದು ಸ್ವಲ್ಪ ಹೆಮ್ಮೆಯೂ ಆಯಿತು.

ಉಳಿದದ್ದು ಮೂರನೆಯ ನಿಯಮ. ಅವರು ಮುಖ ತೊಳೆದುಕೊಂಡು ಬಂದು, ಹಲ್ಲು ಕಚ್ಚಿ ಬರೆದರು: 'ಕೆರೆ ತುಂಬಿದೆ ಎನ್ನುವುದು ಒಂದು ಪಕ್ಷ. ಹನಿ ನೀರೂ ಇಲ್ಲ ಎನ್ನುವುದು ಇನ್ನೊಂದು ಪಕ್ಷ. ಯಾರೂ ಪಟ್ಟು ಬಿಡುತ್ತಿಲ್ಲ. ನಡುಸೂತ್ರ ಅನ್ವಯಿಸತಕ್ಕದ್ದು.'

ಇದಕ್ಕೆ ಯಾರೂ ಉಸಿರೆತ್ತುವಂತಿರಲಿಲ್ಲ. ತುಂಬಿದ ಕೆರೆ ಆಳುದ್ದವೆಂದೂ ಒಣನೆಲ ಸೊನ್ನೆಯೆಂದೂ ಹಿಡಿದರೆ ನಡುವಿನದು ಸೊಂಟದವರೆಗೆ ಬರುತ್ತಿತ್ತು. ಕನ್ನಡಕದವರು ಒಣನೆಲದ ಪರ ನಿಂತು ಚೌಕಾಸಿ ಮಾಡಿದರು. ಸೊಂಟಕ್ಕೂ ಸೊನ್ನೆಗೂ ಮತ್ತೆ ನಡು ಹಿಡಿದು, ಕೊನೆಗೆ 'ಕೆರೆಯಲ್ಲಿ ವರ್ಷವಿಡೀ ಮೊಣಕಾಲುದ್ದ ನೀರಿರುತ್ತದೆ' ಎಂದು ತೀರ್ಮಾನವಾಯಿತು. ಪತ್ರಿಕೆ ಅದನ್ನು ಅಚ್ಚು ಹಾಕಿತು.

ಕನ್ನಡಕದವರು ಪತ್ರಿಕೆ ಹಿಡಿದು ಹೆಂಡತಿಯನ್ನೂ ಕರೆದುಕೊಂಡು ಪುರಸಭೆಗೆ ಓಡಿದರು. ಅಧಿಕಾರಿ ಕನ್ನಡಕ ಏರಿಸಿಕೊಂಡು ನಿಯಮಾವಳಿ ತಿರುವಿಹಾಕಿದರು. "ಇದನ್ನ ಮೊದ್ಲೇ ಹೇಳಬಾರದಿತ್ತೇ? ಮೊಣಕಾಲಿನವರೆಗೆ ನೀರು ಅಂದ್ರೆ ಅದು ತೇವಪ್ರದೇಶ. ಹೊಲಿಗೆಗೆ ಅಡ್ಡಿಯಿಲ್ಲ. ಒಂದೇ ಷರತ್ತು, ಬರೋರು ಹೋಗೋರು ಬೀದಿಯ ಬಾಯಲ್ಲೇ ಪ್ಯಾಂಟು ಮಡಚಿಕೊಂಡು ಬರಬೇಕು. ಇಲ್ದಿದ್ರೆ ಕೆರೆಗೆ ಅವಮಾನ ಮಾಡಿದ ಹಾಗಾಗುತ್ತೆ." ಮುದ್ರೆ ಬಿತ್ತು. ಹೆಂಡತಿ ಮನೆಗೆ ಬಂದು ಯಂತ್ರದ ಮೇಲಿನ ಬಟ್ಟೆ ತೆಗೆದಳು.

ಜನ ಮೊದಮೊದಲು ನಗುತ್ತಾ ಮಡಚಿದರು, ಆಮೇಲೆ ಸುಮ್ಮನೆ ಮಡಚಿದರು. ಮಡಚಲು ಬಾರದ ಬಿಗಿ ಪ್ಯಾಂಟಿನವರು ಹೊಲಿಗೆ ಅಂಗಡಿಗೇ ಬಂದು, "ಇದನ್ನ ಮೊಣಕಾಲಿಗೆ ಕತ್ತರಿಸಿಕೊಡಿ ಅಕ್ಕಾ" ಅಂದರು. ಆಕೆ ಕತ್ತರಿಸಿದಳು. ಶಾಲೆಯವರು ಮಕ್ಕಳ ಆರೋಗ್ಯದ ದೃಷ್ಟಿಯಿಂದ ಸಮವಸ್ತ್ರವನ್ನೇ ಮೊಣಕಾಲಿನವರೆಗೆ ಮಾಡಿಸಿದರು. ಪುರಸಭೆಯ ಅಧ್ಯಕ್ಷರು ಮುಕ್ಕಾಲು ಪ್ಯಾಂಟಿನಲ್ಲಿ ಸಭೆ ನಡೆಸಿದರು. ಅಂಗಡಿಗೆ ಇನ್ನೊಂದು ಯಂತ್ರ ಬಂತು. ಅಂಚೆಯವನಿಗೆ ಮೊಣಕಾಲು ಭತ್ಯೆ ಮಂಜೂರಾಗಿ ಮನೆ ಬಾಗಿಲಿಗೇ ಬರತೊಡಗಿದ.

ಇಡೀ ಊರಲ್ಲಿ ಪ್ಯಾಂಟು ಇಳಿಬಿಟ್ಟುಕೊಂಡು ಓಡಾಡುತ್ತಿದ್ದವರು ಕನ್ನಡಕದವರೊಬ್ಬರೇ. ನಾನೇ ಬರೆದ ಕೆರೆಗೆ ನಾನೇಕೆ ಮಡಚಲಿ ಎಂಬುದು ಅವರ ಹಟ. ಒಂದು ಸಂಜೆ ಅವರು ಕನ್ನಡಕದಂಗಡಿ ಮುಚ್ಚಿ ಬರುವಾಗ ಬೀದಿಯ ಬಾಯಲ್ಲಿ ನೆರೆಮನೆಯ ಅಜ್ಜಿ ಸೀರೆಯ ನೆರಿಗೆ ಎತ್ತಿ ಹಿಡಿದು, ಒಣ ರಸ್ತೆಯಲ್ಲಿ ಜಾರದಂತೆ ಹೆಜ್ಜೆ ಊರುತ್ತಾ ಹೋಗುತ್ತಿದ್ದರು. ಅಜ್ಜಿ ತಿರುಗಿ ನೋಡಿ, "ಅಯ್ಯೋ ಪಾಪ, ಹೊಸ ಪ್ಯಾಂಟು ನೆನೆದುಹೋಯ್ತಲ್ಲಪ್ಪಾ" ಎಂದು ನಿಜವಾಗಿಯೂ ನೊಂದುಕೊಂಡರು.

ಹೆಂಡತಿ ಹೊಸ್ತಿಲಲ್ಲಿ ನಿಂತಿದ್ದಳು. ಒಳಗೆ ಎರಡೂ ಯಂತ್ರಗಳು ಓಡುತ್ತಿದ್ದವು, ಗಿರಾಕಿಗಳು ಸಾಲಾಗಿ ಮೊಣಕಾಲು ತೋರಿಸಿಕೊಂಡು ಕೂತಿದ್ದರು. ಎಲ್ಲರೂ ಒಮ್ಮೆ ಕನ್ನಡಕದವರ ಕಾಲು ನೋಡಿ, ನೋಡಬಾರದ್ದನ್ನು ನೋಡಿದವರಂತೆ ಕತ್ತು ತಿರುಗಿಸಿದರು.

"ರೀ, ಮಡಚಿಕೊಳ್ಳಿ" ಎಂದಳು ಹೆಂಡತಿ ತಗ್ಗಿದ ದನಿಯಲ್ಲಿ. "ನನಗೋಸ್ಕರ."

ಎಷ್ಟೋ ದಿನದ ಮೇಲೆ ಆಕೆ ಇಷ್ಟು ಮೆತ್ತಗೆ ಮಾತಾಡಿದ್ದಳು. ಕನ್ನಡಕದವರು ಬಗ್ಗಿ, ಒಂದು ಕಾಲು, ಆಮೇಲೆ ಇನ್ನೊಂದು ಕಾಲು, ನೀಟಾಗಿ ಮಡಚಿಕೊಂಡರು. ಮನಸ್ಸು ಹಗುರವಾಯಿತು. ಒಳಗೆ ಹೆಜ್ಜೆ ಇಡಬೇಕು, ಅಷ್ಟರಲ್ಲಿ ಆಕೆ ಬಾಗಿಲ ಹಿಂದಿನ ಟವೆಲು ತೆಗೆದು ಅವರ ಕೈಗಿತ್ತಳು.

"ಕಾಲು ಒರೆಸಿಕೊಂಡು ಬನ್ನಿ. ಈಗಷ್ಟೇ ನೆಲ ಒರೆಸಿದ್ದೀನಿ."

ಕನ್ನಡಕದವರು ಹೊಸ್ತಿಲ ಮೇಲೆ ಕೂತು ಎರಡೂ ಕಾಲು ಒರೆಸಿಕೊಂಡರು. ಬೆರಳ ಸಂದಿಗಳನ್ನೂ ಬಿಡಲಿಲ್ಲ. ಆಮೇಲೆ ಟವೆಲನ್ನು ಹಿಂಡಿ, ಒಣಗಲು ಹಾಕಿ, ಒಳಗೆ ಹೋದರು.