ದೊಡ್ಡಬಾಗಿಲದವರ ಬಾಗಿಲು ಮತ್ತು ಕುಲನಾಯಕನ ಬೂಟು

ಬಾಗಲಕೋಟೆ ಕಿಲ್ಲಾ ಓಣಿಯ ದೊಡ್ಡಬಾಗಿಲದವರ ಮನೆತನ ಏಳು ತಲೆಮಾರಿನಿಂದ ಯಾರಿಂದಲೂ ಒಂದು ಮಾತು ಅನ್ನಿಸಿಕೊಂಡಿಲ್ಲ. ಕೊಟ್ಟ ಮಾತಿಗೆ ತಪ್ಪಿಲ್ಲ, ಕೋರ್ಟಿನ ಮೆಟ್ಟಿಲು ಹತ್ತಿಲ್ಲ, ಶಿವಯೋಗ ಮಂದಿರದ ದಾಸೋಹಕ್ಕೆ ಜೋಳ ಕಳಿಸುವುದನ್ನು ಒಂದು ವರ್ಷವೂ ಮರೆತಿಲ್ಲ. ಮನೆತನಕ್ಕೆ ಆ ಹೆಸರು ಬಂದದ್ದು ಮನೆಯ ತಲೆಬಾಗಿಲಿನಿಂದ. ಒಂಬತ್ತು ಅಡಿ ಎತ್ತರದ ಸಾಗವಾನಿ ಬಾಗಿಲು. ಚೌಕಟ್ಟಿನ ಮೇಲೆ ನಂದಿ, ಎರಡೂ ಬದಿಗೆ ಏಳೇಳು ಗಿಣಿ. ಎಡಗಡೆಯ ಮೂರನೆಯ ಗಿಣಿಗೆ ಕೊಕ್ಕಿಲ್ಲ. ಮಹೇಶ್ವರಿಯವರು ಸೊಸೆಯಾಗಿ ಬಂದ ದಿನ ಬ್ಯಾಂಡಿನವನ ತುತ್ತೂರಿ ಬಡಿದು ಅದು ಮುರಿಯಿತು. ಆದರೆ ಹೊಸ್ತಿಲನ್ನು ಯಾರೂ ಎಂದೂ ತುಳಿದಿಲ್ಲ. ಒಮ್ಮೆ ಕಲೆಕ್ಟರ್ ಸಾಹೇಬರು ಅದರ ಮೇಲಿಡಲು ಬೂಟುಗಾಲು ಎತ್ತಿದಾಗ ಮಹೇಶ್ವರಿಯವರ ಅತ್ತೆ "ತಮ್ಮಾ, ದಾಟಿ ಬಾ" ಎಂದಿದ್ದರು. ಕಲೆಕ್ಟರರು ದಾಟಿಯೇ ಬಂದರು.

ಆ ಓಣಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಇಪ್ಪತ್ತು ವರ್ಷದ ಮೇಲಾಯಿತು. ಬಾಗಿಲೂ ಮುಳುಗಿತು ಎಂದು ಪಂಚನಾಮೆ ಹೇಳುತ್ತದೆ. ನವನಗರದ ಹೊಸ ಮನೆಗೆ ಅಂಗಡಿಯಿಂದ ತಂದ ಪ್ಲೈವುಡ್ಡಿನದು ಒಂದಿದೆ. ಮಹೇಶ್ವರಿಯವರು ಅದನ್ನು ಬಾಗಿಲು ಎನ್ನುವುದಿಲ್ಲ. "ಅದನ್ನ ಮುಚ್ಚು" ಎನ್ನುತ್ತಾರೆ.

ಅವರು ಕಾನ್ವೆಂಟಿನಲ್ಲಿ ಓದಿದವರು. ಧಾರಾವಾಹಿ ನೋಡುವುದಿಲ್ಲ, ಇತಿಹಾಸ ಮಾತ್ರ ನೋಡುತ್ತಾರೆ. ಆದ್ದರಿಂದ ಪ್ರತಿ ರವಿವಾರ ಹನ್ನೊಂದಕ್ಕೆ ಸರಿಯಾಗಿ ಸ್ಕಾಟ್ಲೆಂಡಿನ ಕುಲಗಳ ಕಥೆಗೆ ಕೂಡುತ್ತಿದ್ದರು. ಅದರಲ್ಲಿ ಲೆಕ್ಕದ ಟೀಚರೊಬ್ಬಳು ಮಂಜಿನಲ್ಲಿ ಸೇತುವೆ ದಾಟಿ ಇನ್ನೂರೆಂಬತ್ತು ವರ್ಷ ಹಿಂದಕ್ಕೆ ಹೋಗಿ ಕುಲನಾಯಕ ಡಂಕನ್ನನ ಕೋಟೆ ಸೇರುತ್ತಾಳೆ. ಕನ್ನಡಕ್ಕೆ ಡಬ್ ಆಗಿದ್ದರಿಂದ ಅಲ್ಲಿಯವರೆಲ್ಲ ಮೈಸೂರು ಕಡೆಯ ಮಾತಾಡುತ್ತಿದ್ದರು.

"ಕುಲ ಅಂದ್ರ ಏನ್ರಿ ಅವ್ವಾರ?" ಅಡುಗೆಯ ಚಂದವ್ವ ಕೇಳಿದಳು.

"ನಮ್ಮ ಕಡೆ ಬೆಡಗು, ಗೋತ್ರ ಇದ್ದಂಗ. ಒಂದೊಂದಕ್ಕೂ ಬ್ಯಾರೆ ಬ್ಯಾರೆ ಚೌಕಡಿ ಅರಿವಿ."

"ಗಂಡಸರು ಇಳಕಲ್ಲ ಸೀರಿ ಮೊಣಕಾಲಿಗೆ ನಿಲ್ಲಿಸ್ಯಾರಲ್ರಿ. ನೇಕಾರ್ಗೆ ನೂಲು ಸಾಲಲಿಲ್ಲೇನ?"

ಹತ್ತೊಂಬತ್ತನೆಯ ಕಂತಿನಲ್ಲಿ ಡಂಕನ್ನನು ಕೋಟೆಯ ಒಳಗೋಣೆಯ ಬಾಗಿಲು ತೆರೆದನು. ಚೌಕಟ್ಟಿನ ಮೇಲೆ ನಂದಿ. ಏಳೇಳು ಗಿಣಿ. ಎಡಗಡೆಯ ಮೂರನೆಯದಕ್ಕೆ ಕೊಕ್ಕಿರಲಿಲ್ಲ.

"ಏನ್ರೀ, ನಮ್ಮ ಬಾಗಲಾ! ಯಾರೋ ಮಾರ್ಯಾರ!"

ಯಜಮಾನರಾದ ಶಂಕರಲಿಂಗಪ್ಪನವರು ಪೇಪರಿನಿಂದ ತಲೆ ಎತ್ತಲಿಲ್ಲ. "ಬಾಗಲಾ ಎಲ್ಲಾ ಒಂದ ನಮೂನಿ ಇರ್ತಾವ."

"ಕೊಕ್ಕಿಲ್ಲದ ಗಿಣಿನೂ ಒಂದ ನಮೂನಿ ಇರ್ತಾವೇನು?"

ಶಂಕರಲಿಂಗಪ್ಪನವರು ಚಹಾ ಕೇಳಿದರು. ಅಷ್ಟರಲ್ಲಿ ಡಂಕನ್ನನು ಕೆಸರು ಮೆತ್ತಿದ ಬೂಟನ್ನು ಹೊಸ್ತಿಲ ಮೇಲೆ ಊರಿ, ಕತ್ತಿ ಎತ್ತಿ, ಆಣೆ ಮಾಡಿದನು. ಮಹೇಶ್ವರಿಯವರು ಟಿ.ವಿ. ಆರಿಸಿದರು.

ಸೋಮವಾರ ಅವರು ಮುಳುಗಡೆ ಸ್ವತ್ತುಗಳ ಅಂತಿಮ ದಾಖಲೆ ಶಾಖೆಗೆ ಹೋದರು. ಗುಮಾಸ್ತ ದುಂಡೇಶ ಕಡತ ತೆಗೆದು ಓದಿದ: "ತಲೆಬಾಗಿಲು ಒಂದು. ನೀರುಪಾಲು. ಜುಲೈ ಒಂಬತ್ತು."

"ಓಣಿಗೆ ನೀರು ಬಂದದ್ದು ಮೂವತ್ತೊಂದಕ್ಕ. ಇಪ್ಪತ್ತೆರಡು ದಿನ ಮೊದಲ ಹೆಂಗ ಮುಳುಗ್ತು?"

"ಮುಂಗಡ ಮುಳುಗೇತ್ರಿ ಮೇಡಮ್ಮಾರ."

"ಮುಳುಗಿದ್ದು ಸ್ಕಾಟ್ಲೆಂಡಿನ್ಯಾಗ ಹೆಂಗ ಎದ್ದು ನಿಂತೇತಿ?"

ದುಂಡೇಶ ಸಾಹೇಬರನ್ನು ಕರೆದ. ಸಾಹೇಬರೂ ಹದಿನೆಂಟು ಕಂತು ನೋಡಿದ್ದರು. ಹತ್ತೊಂಬತ್ತನೆಯದಕ್ಕೆ ಕರೆಂಟ್ ಹೋಗಿತ್ತು.

"ಬಾಗಲಾ ಕಂಡಾಗ ಕೋಟಿಯೊಳಗ ಯಾವ ಇಸವಿ ನಡದಿತ್ರಿ?" ಅವರು ಬಹಳ ಮೆಲ್ಲಗೆ ಕೇಳಿದರು.

"ಸಾವಿರದ ಏಳುನೂರಾ ನಲವತ್ತು."

ಸಾಹೇಬರ ಮುಖ ಅರಳಿತು. "ಹಂಗಾದ್ರ ಮಾರಾಟದ ಮಾತ ಬರೂದಿಲ್ಲ! ಅವತ್ತ ಈ ಶಾಖೆನ ಹುಟ್ಟಿದ್ದಿಲ್ಲ. ಬಾಗಲಾ ಕಾಲ ದಾಟೇತಿ. ಇನ್ನೂರೆಂಬತ್ತು ವರ್ಷ ಹಿಂದ ಹೋದದ್ದಕ್ಕ ಇಪ್ಪತ್ತೆರಡು ದಿನ ಏನ್ ದೊಡ್ಡದ್ರಿ?"

ವಾರದೊಳಗೆ ಸುತ್ತೋಲೆ ಹೊರಟಿತು:

"ನೀರು ಬರುವ ಮೊದಲೇ ನೀರುಪಾಲಾದ ಸಕಲ ಸ್ವತ್ತುಗಳನ್ನು ಇನ್ನು ಮುಂದೆ 'ಕಾಲಾಂತರಗೊಂಡ ಸ್ವತ್ತು' ಎಂದು ಓದಿಕೊಳ್ಳತಕ್ಕದ್ದು. ಸದರಿ ಸ್ವತ್ತು ಯಾವ ಶತಮಾನದಲ್ಲಿ ಕಂಡುಬಂದಿದೆಯೋ ಆ ಶತಮಾನದ ತಹಶೀಲ್ದಾರರ ದೃಢೀಕರಣವನ್ನು ಅರ್ಜಿದಾರರೇ ತರತಕ್ಕದ್ದು. ಹಿಂದಿನ ಶತಮಾನಗಳ ಪ್ರಯಾಣಭತ್ಯೆ ಸಿಬ್ಬಂದಿಗೆ ಮಾತ್ರ ಅನ್ವಯ."

ಇದರಿಂದ ಹಳೆಯ ತಕರಾರುಗಳೆಲ್ಲ ಚಕಚಕನೆ ಇತ್ಯರ್ಥವಾದವು. ಹುಸೇನಪೀರ ಸಾಹೇಬರ ಎಣ್ಣೆ ಗಾಣದ ತೊಲೆಗಳು ಚಾಲುಕ್ಯರ ಕಾಲಕ್ಕೆ ಸಂದಿದ್ದವು. ಹೆಣ್ಣುಮಕ್ಕಳ ಸಾಲೆಯ ಹಿತ್ತಾಳೆ ಗಂಟೆ ವಿಜಯನಗರದ ಅರಸರ ಬಳಿ ಇತ್ತು. ಶಾಖೆಯದೇ ಒಂದು ಜೀಪು ಹದಿನೇಳನೆಯ ಶತಮಾನಕ್ಕೆ ಹೋಗಿ ತಿರುಗಿ ಬಂದಿಲ್ಲವೆಂಬುದೂ ಪತ್ತೆಯಾಯಿತು. ಹುಸೇನಪೀರರು, "ಹೋಗ್ಲಿ ಬಿಡ್ರಿ, ಪಟ್ಟದಕಲ್ಲಿಗೆ ಹೋದಾಗ ನಮ್ಮ ತೊಲಿ ಎಲ್ಲೆರ ಕಂಡಾವು" ಎಂದು ಒಪ್ಪಿಗೆಪತ್ರಕ್ಕೆ ಸಹಿ ಮಾಡಿದರು.

ಮಹೇಶ್ವರಿಯವರು ಸಹಿ ಮಾಡಲಿಲ್ಲ. ಮತ್ತೆ ಶಾಖೆಗೆ ಹೋಗಿ ದುಂಡೇಶನ ಮುಂದೆ ಕುರ್ಚಿ ಎಳೆದು ಕೂತರು. "ಪಂಚರು ಯಾರ್ಯಾರು? ಸಹಿ ತೋರ್ಸು."

"ಬ್ಯಾಡ್ರಿ ಮೇಡಮ್ಮಾರ."

"ಮಾರಿದವ್ರ ಹೆಸರು ನನಗ ಬೇಕು. ಪೇಪರಿನ್ಯಾಗ ಹಾಕಸ್ತೇನಿ. ಓಣಿ ಮಂದಿ ಮುಂದ ನಿಂದ್ರಸ್ತೇನಿ."

"ಖರೇನ ಬ್ಯಾಡ್ರಿ."

ಅವರು ಕೈ ಚಾಚಿದರು. ದುಂಡೇಶ ಕಡತ ಕೊಟ್ಟು ಕಿಟಕಿಯ ಕಡೆ ನೋಡತೊಡಗಿದ. ಮಹೇಶ್ವರಿಯವರು ಕನ್ನಡಕ ಏರಿಸಿದರು. ಮೊದಲನೆಯ ಪಂಚರ ಸಹಿ ದುಂಡಗೆ, ಸ್ಪಷ್ಟವಾಗಿ ಇತ್ತು. ಕೆಳಗೆ ಬಾಲದಂಥ ಒಂದು ಗೆರೆ. ನಲವತ್ತು ವರ್ಷದಿಂದ ಮಕ್ಕಳ ಪ್ರಗತಿಪತ್ರಗಳ ಮೇಲೆ, ಲಗ್ನಪತ್ರಿಕೆಗಳ ಕರಡಿನ ಮೇಲೆ ಅವರು ಕಂಡ ಗೆರೆ.

ಓಣಿ ಮುಳುಗಿದ ವರ್ಷ ಜುಲೈ ಹತ್ತಕ್ಕೆ ಶಂಕರಲಿಂಗಪ್ಪನವರು ಯಾರದೋ ಲಾರಿಯಲ್ಲಿ ಬೆಳಗಾವಿಗೆ ಹೋಗಿ, ಬರುವಾಗ ಹೆಂಡತಿಗೆ ರೇಷ್ಮೆ ಸೆರಗಿನ ಇಳಕಲ್ಲ ಸೀರೆ ತಂದಿದ್ದರು. ಮಹೇಶ್ವರಿಯವರು ಇವತ್ತು ಉಟ್ಟುಕೊಂಡು ಬಂದದ್ದು ಅದನ್ನೇ.

ಅವರು ಸೆರಗನ್ನು ಸರಿಮಾಡಿಕೊಂಡರು. ಆಮೇಲೆ ಕಡತ ಮುಚ್ಚಿದರು.

"ಆ ಸುತ್ತೋಲಿ ಇನ್ನೊಮ್ಮೆ ಓದು."

ದುಂಡೇಶ ಓದಿದ.

"ಸರಿ ಐತಿ," ಎಂದರು. "ಪೆನ್ನು ಕೊಡು."

ಮನೆಯಲ್ಲಿ ಶಂಕರಲಿಂಗಪ್ಪನವರು ಕಟ್ಟೆಯ ಮೇಲೆ ಕಾಯುತ್ತಿದ್ದರು. "ಏನಂದ್ರು?"

"ಬಾಗಲಾ ತಾನ ಹೋಗೇತಂತ."

"ತಾನಾ?"

"ತಾನ. ಚಾ ಆರತೈತಿ, ಕುಡೀರಿ."

ಅದೇ ಸಂಜೆ ಮಹೇಶ್ವರಿಯವರು ಪತ್ರ ಬರೆದರು. ಶಾಖೆಯು ಅದನ್ನು ಸ್ವೀಕರಿಸಿ, ಆವಕ ಸಂಖ್ಯೆ ಹಾಕಿ, 'ಅಗತ್ಯ ಕ್ರಮಕ್ಕಾಗಿ ಹದಿನೆಂಟನೆಯ ಶತಮಾನಕ್ಕೆ ರವಾನೆ' ಎಂದು ಷರಾ ಬರೆಯಿತು. ಅಂದಿನಿಂದ ಓಣಿಯ ಹಳೆಯ ಮಂದಿ ಸಂತೆಯಲ್ಲಿ ಸಿಕ್ಕಾಗಲೆಲ್ಲ ಉತ್ತರ ಬಂತೇ ಎಂದು ಕೇಳುತ್ತಾರೆ. ಟಪಾಲು ಹಿಂದಕ್ಕೆ ಹೋಗಿ ಬರಬೇಕಲ್ಲ, ತಡವಾಗುತ್ತದೆ ಎಂದು ತಾವೇ ಸಮಾಧಾನವನ್ನೂ ಹೇಳುತ್ತಾರೆ. ಪತ್ರ ಹೀಗಿದೆ:

"ಕುಲನಾಯಕ ಡಂಕನ್ ಅವರಿಗೆ. ನಮ್ಮ ಬಾಗಿಲು ತಾನಾಗಿ ತಮ್ಮಲ್ಲಿಗೆ ಬಂದಿರುವ ಬಗ್ಗೆ ನಮ್ಮ ಮನೆತನದ ತಕರಾರಿಲ್ಲ. ಮಳೆಗಾಲಕ್ಕೆ ಮೊದಲು ಎಣ್ಣೆ ಒರೆಸಿರಿ. ಆದರೆ ಹತ್ತೊಂಬತ್ತನೆಯ ಕಂತಿನಲ್ಲಿ ತಾವು ಕೆಸರು ಬೂಟಿನಿಂದ ಹೊಸ್ತಿಲು ತುಳಿದದ್ದನ್ನು ನಾನೂ ಚಂದವ್ವನೂ ಕಣ್ಣಾರೆ ಕಂಡಿದ್ದೇವೆ. ಕಲೆಕ್ಟರರು ದಾಟಿ ಬಂದ ಹೊಸ್ತಿಲು ಅದು. ನಮ್ಮ ಮನೆತನಕ್ಕೆ ಏಳು ತಲೆಮಾರಿನಲ್ಲಿ ಆದ ಅವಮಾನ ಇದೊಂದೇ. ಲಿಖಿತವಾಗಿ ಕ್ಷಮೆ ಕೇಳಿರಿ."