ಒಂದು ದೂರಿಗೆ ಒಂದು ಶೇಂಗಾ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಯಾದಗಿರಿಯಲ್ಲಿ ಮಾತ್ರ ಅದು ನಮ್ಮ ಚಿಗವ್ವನ ಶೇಂಗಾ ಮುಗಿಯುವ ತನಕ! ನಂಬುವುದಿಲ್ಲವೇ? ಆಪ್ತಸಮಾಲೋಚನೆಯ ಕೋರ್ಸು ಮಾಡಿದ ಈ ಚಿಕ್ಕಮ್ಮ, ರೊಕ್ಕಕ್ಕಾಗಿ ಕಚ್ಚಾಡುವ ಜೋಡಿಗಳನ್ನು ಮನೆಯ ಮುಂದಿನ ಕೋಣೆಯಲ್ಲಿ ಎದುರುಬದುರು ಕೂರಿಸುತ್ತಾಳೆ. ನಡುವೆ ಒಂದು ಬುಟ್ಟಿ ಹುರಿದ ಶೇಂಗಾ. ದೂರು ಹೇಳುವವರು ಮೊದಲು ಒಂದು ಕಾಯಿ ಸುಲಿದು ಎದುರಿನವರ ಬಾಯಿಗೆ ಹಾಕಬೇಕು. ತಾವು ತಿನ್ನುವಂತಿಲ್ಲ. ಇದು ಯಾವ ಪುಸ್ತಕದ ಚಿಕಿತ್ಸೆ ಎಂದು ಕೇಳಿದರೆ, "ಬಾಯಾಗ ಶೇಂಗಾ ಇದ್ರ ನಡುವ ಮಾತಾಡಾಕ ಬರಂಗಿಲ್ಲಪಾ" ಎನ್ನುತ್ತಾಳೆ.

ಬಂದವರ ಹೆಸರನ್ನು ಸತ್ತರೂ ಬಾಯಿ ಬಿಡುವುದಿಲ್ಲ, ಕತೆ ಮಾತ್ರ ಬಿಡುತ್ತಾಳೆ. ಶಹಾಪುರದ ಕಡೆಯ ಮಾಸ್ತರೊಬ್ಬರು ಹೆಂಡತಿಯ ಸೀರೆ, ಬಂಗಾರ, ತವರಿಗೆ ಕೊಟ್ಟದ್ದು ಎಂದು ಅರ್ಧ ಬುಟ್ಟಿ ಸುಲಿದರಂತೆ. ಕೊನೆಗೆ ಹೆಂಡತಿ, "ಸಾಕ್ರಿ, ಹೊಟ್ಟಿ ತುಂಬ್ಯಾದ. ಉಳದಿದ್ದು ನಾಳಿ ಬೈರಿ" ಎಂದಾಗ ಮಾಸ್ತರರೇ ನಕ್ಕುಬಿಟ್ಟರಂತೆ. ಇನ್ನೊಬ್ಬಾಕೆ ಬುಟ್ಟಿಯನ್ನೆಲ್ಲ ಕೆದಕಿ, ಮುಗ್ಗಿದ ಕಾಯೊಂದನ್ನೇ ಹುಡುಕಿ ಗಂಡನ ಬಾಯಿಗಿಟ್ಟು, "ಇದು ಮಟಕಾ ಆಡಿದ್ದಕ್ಕ" ಎಂದಳಂತೆ.

ಇಷ್ಟಕ್ಕೆಲ್ಲ ನಕ್ಕ ನಾನೇ ಒಂದು ದಿನ ಆ ಬುಟ್ಟಿಯ ಮುಂದೆ ಕೂರಬೇಕಾಯಿತು! ಹೆಂಡತಿಗೆ ಹೇಳದೆ ಕಂತಿನ ಮೇಲೆ ಹೊಸ ಬೈಕು ತಂದಿದ್ದೆ. ಆಕೆ ಬಟ್ಟೆ ಕಟ್ಟಿಕೊಂಡು ಸುರಪುರದ ತವರಿಗೆ ಹೊರಟು ನಿಂತಿದ್ದಳು, ಮರಳಿ ಬರುವ ಮಾತಿರಲಿಲ್ಲ. ಚಿಗವ್ವನ ಮಾತು ಮೀರಲಾರದೆ ಬಂದು ಕೂತಳು. ಒಂದೇ ಒಂದು ಕಾಯಿ ಸುಲಿದು ನನ್ನ ಬಾಯಿಗೆ ಹಾಕಿದಳು.

"ಬೈಕ್ ತಂದಿದ್ದಕ್ಕ ಸಿಟ್ಟಿಲ್ಲ. ನನ್ನ ಒಂದ್ ಮಾತ ಕೇಳಲಿಲ್ಲ ನೀವು."

"ಕೇಳಿದ್ರ ನೀ ಬ್ಯಾಡ ಅಂತಿದ್ದಿ" ಎಂದೆ, ಸುಲಿಯುವುದನ್ನೂ ಮರೆತು.

ನಿಯಮ ಮುರಿದದ್ದಕ್ಕೆ ಚಿಗವ್ವ ಗದರುತ್ತಾಳೆ ಅಂದುಕೊಂಡೆ. ಆಕೆ ಬುಟ್ಟಿಯನ್ನೇ ಬದಿಗೆ ಸರಿಸಿದಳು.

"ನಿಮ್ಮ ಕಾಕಾನೂ ಹಂಗ ತಿಳಕೊಂಡ್ರು. ಮಗಳ ಫೀಸಿಗೆ ಕಮ್ಮಿ ಬೀಳ್ತಾದಂತ ಬಿಪಿ ಗುಳಗಿ ತಗೊಳ್ಳೋದು ಬಿಟ್ರು. ನನಗ ಹೇಳಲಿಲ್ಲ. ಹೇಳಿದ್ರ ನಾ ಜಗಳಾ ತಗೀತಿದ್ದೆ. ಆ ಜಗಳಾ ಆಗಬೇಕಿತ್ತಪಾ."

ಪಾರ್ಶ್ವವಾಯು ಬಡಿದು ಚಿಗವ್ವನ ಗಂಡ, ನಮ್ಮ ಕಾಕಾ, ತೀರಿಕೊಂಡು ಆರು ವರ್ಷ. ಕಾರಣ ನನಗೆ ಗೊತ್ತಾದದ್ದು ಅಂದೇ. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು. ಹೆಂಡತಿ ಎದ್ದು ಹೋಗಿ ಚಿಗವ್ವನ ಪಕ್ಕ ಕೂತು ಅವಳ ಕೈ ಹಿಡಿದಳು. ಬಹಳ ಹೊತ್ತು ಬಿಡಲಿಲ್ಲ.

"ಚಿಗವ್ವಾ, ಇವತ್ತ ನಮ್ಮ ಮನಿಗೆ ಊಟಕ್ಕ ಬರ್ರಿ" ಎಂದಳು. ಆಮೇಲೆ ನನ್ನತ್ತ ನೋಡದೆಯೇ, "ಬಜಾರಕ್ಕ ಹೋಗಿ ಕಾಯಿಪಲ್ಯಾ ತರ್ರಿ" ಎಂದಳು.

ಮದುವೆಯಾಗಿ ಎಂಟು ವರ್ಷಕ್ಕೆ ಮೊದಲ ಸಲ ನಾನು ಬಾಗಿಲಲ್ಲಿ ನಿಂತು ಕೇಳಿದೆ:

"ಯಾವ ಕಾಯಿಪಲ್ಯಾ ತರ್ಲಿ?"